ಬಸ್ಸಿನಲ್ಲಿ ಮಾಸ್ಕ್ ಕಡ್ಡಾಯವಂತೆ! ಯಾರು ಹೇಳಿದ್ದು, ಯಾವ ಕಾನೂನಿನಲ್ಲಿ?

ಯಾವುದೋ ಸೋಂಕಿನ ಸುದ್ದಿ ಟಿವಿಯಲ್ಲಿ ಬಂತು ಅಂದರೆ ಸಾಕು, ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ: ‘ನಾಳೆಯಿಂದ ಬಸ್ಸು, ರೈಲಿನಲ್ಲಿ ಮಾಸ್ಕ್ ಕಡ್ಡಾಯ, ಇಲ್ಲಾಂದ್ರೆ ದಂಡ.’ ಮರುದಿನ ವಿಜಯಪುರದಲ್ಲಿ ಬಾಗಲಕೋಟೆ ಬಸ್ಸು ಹತ್ತುವವರನ್ನು ನೋಡಿ. ಇಬ್ಬರು ಮಾಸ್ಕ್ ಹಾಕಿರುತ್ತಾರೆ, ಒಬ್ಬರು ಕರ್ಚೀಫು ಕಟ್ಟಿಕೊಂಡಿರುತ್ತಾರೆ, ಅಜ್ಜಿಯೊಬ್ಬರು ಸೆರಗನ್ನೇ ಮೂಗಿಗೆ ಎಳೆದುಕೊಂಡಿರುತ್ತಾರೆ, ಉಳಿದವರೆಲ್ಲ ಕಂಡಕ್ಟರ್ ಮುಖ ನೋಡುತ್ತಾರೆ. ಕಂಡಕ್ಟರ್‌ಗೂ ಗೊತ್ತಿರುವುದಿಲ್ಲ. ಡಿಪೋದಿಂದ ಅವರಿಗೆ ಒಂದು ಚೀಟಿಯೂ ಬಂದಿರುವುದಿಲ್ಲ.

ಈ ಗೊಂದಲಕ್ಕೆ ಜನರನ್ನು ದೂರಿ ಪ್ರಯೋಜನ ಇಲ್ಲ. ನಮ್ಮಲ್ಲಿ ‘ಸಾರ್ವಜನಿಕ ಸಾರಿಗೆಯಲ್ಲಿ ಮಾಸ್ಕ್’ ಅಂತ ಒಂದೇ ಕಾನೂನು ಎಂದೂ ಇರಲಿಲ್ಲ. ಬಸ್ಸಿಗೊಂದು, ರೈಲಿಗೊಂದು, ವಿಮಾನಕ್ಕೊಂದು ಅಂತ ಬೇರೆ ಬೇರೆ ಕಾಯ್ದೆಗಳ ಕೆಳಗೆ, ಬೇರೆ ಬೇರೆ ಕಚೇರಿಗಳಿಂದ, ಬೇರೆ ಬೇರೆ ದಿನ ಆದೇಶ ಬಂದವು, ಹೋದವು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಸಲಹೆ ಬೇರೆ, ಆದೇಶ ಬೇರೆ

ಆರೋಗ್ಯ ಇಲಾಖೆಯಿಂದ ಹೊರಡುವ ಕಾಗದಗಳಲ್ಲಿ ಎರಡು ಬಗೆ. ಒಂದು ಸಲಹೆ. ‘ಜನಜಂಗುಳಿ ಇರುವ ಕಡೆ ಮಾಸ್ಕ್ ಹಾಕಿಕೊಳ್ಳುವುದು ಒಳ್ಳೆಯದು’ ಅಂತ ಅದರಲ್ಲಿರುತ್ತದೆ. ಹಾಕದಿದ್ದರೆ ಯಾರೂ ದಂಡ ಹಾಕುವಂತಿಲ್ಲ, ಬಸ್ಸಿನಿಂದ ಇಳಿಸುವಂತಿಲ್ಲ. ಇನ್ನೊಂದು ಆದೇಶ. ಅದರಲ್ಲಿ ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಹೊರಡಿಸಿದ್ದು, ಎಂದಿನಿಂದ ಜಾರಿ, ತಪ್ಪಿದರೆ ಏನು ಶಿಕ್ಷೆ ಅಂತ ಬರೆದಿರುತ್ತದೆ, ಬರೆದಿರಲೇಬೇಕು. ಮೊಬೈಲಿಗೆ ಬಂದ ಸಂದೇಶದಲ್ಲಿ ಕಾಯ್ದೆಯ ಹೆಸರೇ ಇಲ್ಲ ಅಂದರೆ ಅದು ಆದೇಶ ಅಲ್ಲ ಅಂತಲೇ ತಿಳಿಯಿರಿ.

ಹಿಂದಿನದನ್ನು ನೆನಪಿಸಿಕೊಂಡರೆ ಇದು ಸರಿಯಾಗಿ ಕಾಣುತ್ತದೆ. 2023ರ ಡಿಸೆಂಬರ್‌ನಲ್ಲಿ ಕೋವಿಡ್‌ನ ಜೆಎನ್.1 ತಳಿಯ ಸುದ್ದಿ ಬಂದಾಗ ರಾಜ್ಯ ಸರ್ಕಾರ 60 ವರ್ಷ ದಾಟಿದವರು ಮಾಸ್ಕ್ ಹಾಕಿ ಅಂದಿತು. 2025ರ ಜನವರಿಯಲ್ಲಿ ಶೀತ, ಕೆಮ್ಮು ತರುವ ಎಚ್‌ಎಂಪಿವಿ ವೈರಸ್ ಅಂತ ಗದ್ದಲ ಎದ್ದಿತು. ಅದನ್ನು ಹೊಸ ವೈರಸ್ ಅಂತ ಹೆದರಿಸಿದವರೇ ಜಾಸ್ತಿ, ಆದರೆ ಅದನ್ನು ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲೇ. 2025ರ ಮೇ ತಿಂಗಳಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಸ್ವಲ್ಪ ಏರಿದವು, ಗರ್ಭಿಣಿಯರು, ವಯಸ್ಸಾದವರು ಹುಷಾರಾಗಿರಲಿ ಅಂತ ಮತ್ತೊಂದು ಪ್ರಕಟಣೆ ಬಂತು. ಈ ಮೂರೂ ಸಲ ಬಂದದ್ದು ಸಲಹೆ. ಮೂರೂ ಸಲ ಜನ ಕೇಳಿದ್ದು ಮಾತ್ರ ‘ದಂಡ ಎಷ್ಟಂತೆ?’ ಅಂತ.

2022ರ ಏಪ್ರಿಲ್ ಕೊನೆಯಲ್ಲಿ ಇನ್ನೊಂದು ವಿಚಿತ್ರ ಆಯಿತು. ರಾಜ್ಯದಲ್ಲಿ ಮಾಸ್ಕ್ ಮತ್ತೆ ಕಡ್ಡಾಯ ಅಂದರು, ಜೊತೆಗೆ ಸದ್ಯಕ್ಕೆ ದಂಡ ಇಲ್ಲ ಅಂದರು. ಕಡ್ಡಾಯವೂ ಹೌದು, ದಂಡವೂ ಇಲ್ಲ ಅಂದರೆ ಸಾಮಾನ್ಯ ಜನ ಏನಂತ ತಿಳಿದುಕೊಳ್ಳಬೇಕು? ಕಡ್ಡಾಯ ಅನ್ನೋ ಮಾತಿನ ತೂಕ ಇಳಿಯತೊಡಗಿದ್ದು ಇಂಥದ್ದರಿಂದಲೇ.

ಒಂದೇ ಪ್ರಯಾಣ, ಮೂರು ಕಾನೂನು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಅಂತ ಹಂಚಿದ್ದಾರೆ. ಸಾರ್ವಜನಿಕ ಆರೋಗ್ಯ ರಾಜ್ಯದ್ದು. ರೈಲು, ವಿಮಾನ ಕೇಂದ್ರದ್ದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹಬ್ಬುವುದನ್ನು ತಡೆಯೋದು ಇಬ್ಬರಿಗೂ ಸೇರಿದ್ದು. ಹಾಗಾಗಿ ಬೆಳಗಾವಿಯಿಂದ ಹೊರಡುವ ಒಬ್ಬ ಮನುಷ್ಯ ಸರ್ಕಾರಿ ಬಸ್ಸಿನಲ್ಲಿದ್ದರೆ ರಾಜ್ಯದ ಮಾತು ಕೇಳಬೇಕು, ರೈಲು ಹತ್ತಿದರೆ ರೈಲ್ವೆಯ ಮಾತು, ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತಿದರೆ ವಿಮಾನಯಾನ ಸಚಿವಾಲಯದ ಮಾತು.

ಕೋವಿಡ್ ಕಾಲದಲ್ಲಿ ಇದೆಲ್ಲದರ ಮೇಲೆ ಒಂದು ದೊಡ್ಡ ಕೊಡೆ ಇತ್ತು. ಅದು 2005ರ ವಿಪತ್ತು ನಿರ್ವಹಣಾ ಕಾಯ್ದೆ. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚಿಕೊಳ್ಳುವುದು ಕಡ್ಡಾಯ ಅಂತ ಇದ್ದದ್ದು ಈ ಕಾಯ್ದೆಯ ಬಲದಿಂದ. 2022ರ ಮಾರ್ಚ್ 31ಕ್ಕೆ ಆ ಆದೇಶಗಳ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಕೊಡೆ ಮಡಚಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ವಿಮಾನದಲ್ಲಿ ಮಾಸ್ಕ್ ಕಡ್ಡಾಯ ಹೋದದ್ದು 2022ರ ನವೆಂಬರ್ 16ರಂದು, ಅಂದರೆ ಏಳೂವರೆ ತಿಂಗಳು ತಡವಾಗಿ. ಅಷ್ಟು ದಿನ ಬಸ್ಸಿನಲ್ಲಿ ಒಂದು ಪದ್ಧತಿ, ವಿಮಾನದಲ್ಲಿ ಇನ್ನೊಂದು.

ದಂಡದ ಲೆಕ್ಕ ಇನ್ನೂ ಸೋಜಿಗ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ನಗರಗಳಲ್ಲಿ 1,000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ಅಂತ ದಂಡ ಏರಿಸಿತು. ಜನ ಸಿಟ್ಟಿಗೆದ್ದರು. ಅಕ್ಟೋಬರ್ ಮೊದಲ ವಾರದಲ್ಲೇ ಅದನ್ನು ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 250, ಉಳಿದ ಕಡೆ 100 ಅಂತ ಇಳಿಸಿದರು. ಈಗ ಅದೇ ಬಾಗಲಕೋಟೆ ಬಸ್ಸನ್ನು ಕಣ್ಣ ಮುಂದೆ ತಂದುಕೊಳ್ಳಿ. ವಿಜಯಪುರ ಮಹಾನಗರ ಪಾಲಿಕೆ, ಬಾಗಲಕೋಟೆ ಆಗ ನಗರಸಭೆ. ಬಸ್ ಸ್ಟ್ಯಾಂಡಿನಲ್ಲಿ ಮಾಸ್ಕ್ ಇಲ್ಲದೆ ಸಿಕ್ಕಿಬಿದ್ದರೆ 250. ಬಸ್ಸು ಊರು ದಾಟಿತು ಅಂದರೆ 100. ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆ ದಾಟುವಾಗಲೂ 100. ಕೂತ ಸೀಟು ಅದೇ, ಪಕ್ಕದವರ ಕೆಮ್ಮು ಅದೇ, ಗಾಳಿ ಅದೇ. ಓಡುವ ಬಸ್ಸನ್ನು ನಿಂತ ಊರಿನ ಲೆಕ್ಕದಲ್ಲಿ ಅಳೆದರೆ ಹೀಗೇ ಆಗೋದು.

ಇನ್ನೊಂದು ತೊಡಕೂ ಇದೆ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಹುಬ್ಬಳ್ಳಿಯಲ್ಲಿ ಕಚೇರಿ ಇರುವ ವಾಯವ್ಯ ಸಾರಿಗೆಗೆ ಸೇರಿವೆ. ವಿಜಯಪುರ ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರಿದೆ. ಸರ್ಕಾರದ ಆದೇಶ ಒಂದೇ ಇದ್ದರೂ ಅದು ಕಂಡಕ್ಟರ್ ಕೈಗೆ ಬರೋದು ಎರಡು ದಾರಿಯಲ್ಲಿ.

ಇದು ಶುರುವಾದದ್ದು ಪ್ಲೇಗಿನಿಂದ

ಈ ಭಾಗದವರಿಗೆ ಈ ಕಾನೂನಿನ ಕಥೆ ದೂರದ್ದೇನಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು, ಬಾಗಲಕೋಟೆ ವಿಜಯಪುರ ಜಿಲ್ಲೆಯೊಳಗಿತ್ತು. ಆ ಕಾಯ್ದೆ ಎಷ್ಟು ಚಿಕ್ಕದು ಅಂದರೆ ನಾಲ್ಕೇ ಕಲಮು. ಸರ್ಕಾರ ಏನು ಬೇಕಾದರೂ ನಿಯಮ ಮಾಡಬಹುದು, ರೈಲಿನ ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗೆ ರಕ್ಷಣೆ. ಇಷ್ಟೇ. ಪ್ರಯಾಣಿಕನಿಗೆ ಏನು ಹಕ್ಕು, ನಿಯಮ ಎಂದು ಮುಗಿಯುತ್ತದೆ ಅನ್ನೋದರ ಬಗ್ಗೆ ಒಂದಕ್ಷರ ಇಲ್ಲ.

ಅದರ ಫಲ ಏನಾಯಿತು ಅಂತ ಪುಣೆಯಲ್ಲಿ ಎಲ್ಲರೂ ನೋಡಿದರು. ಸೈನಿಕರು ಮನೆಯೊಳಗೆ ನುಗ್ಗಿ ತಪಾಸಣೆ ಮಾಡಿದರು, ಜನ ರೊಚ್ಚಿಗೆದ್ದರು, 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ರೋಗ ತಡೆಯಲು ಬಂದ ಅಧಿಕಾರಿಯೇ ಜನರಿಗೆ ರೋಗಕ್ಕಿಂತ ದೊಡ್ಡ ಭಯವಾಗಿದ್ದ.

123 ವರ್ಷ ಆದ ಮೇಲೆ, ಕೋವಿಡ್ ಬಂದಾಗ, ದೇಶದ ಕೈಯಲ್ಲಿ ಇದ್ದದ್ದು ಅದೇ ಕಾಯ್ದೆ. ಕರ್ನಾಟಕ 2020ರಲ್ಲಿ ಮೊದಲು ಸುಗ್ರೀವಾಜ್ಞೆ ಹೊರಡಿಸಿ, ಆಮೇಲೆ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಗಡಿ ಮುಚ್ಚುವ, ಸಾರಿಗೆ ನಿಯಂತ್ರಿಸುವ, ಬರುವವರನ್ನು ತಪಾಸಣೆ ಮಾಡುವ ಅಧಿಕಾರ ಅದರಲ್ಲಿ ಬಿಡಿಸಿ ಬರೆದಿದೆ. ಹಳೆಯದಕ್ಕಿಂತ ಎಷ್ಟೋ ವಾಸಿ. ಆದರೆ ಅಧಿಕಾರದ ಭಾಗ ಬೆಳೆದಷ್ಟು ಪ್ರಯಾಣಿಕನ ಭಾಗ ಬೆಳೆದಿಲ್ಲ ಅನ್ನೋದು ನನ್ನ ಅಭಿಪ್ರಾಯ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 286ನೇ ವರದಿಯಲ್ಲಿ 1897ರ ಕಾಯ್ದೆ ಸಾಲದು, ಅದನ್ನು ಪೂರ್ತಿ ತಿದ್ದಿ ಇಲ್ಲವೇ ಹೊಸದು ತನ್ನಿ, ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳ ಕೆಲಸ ಯಾವುದು ಅಂತ ಮೊದಲೇ ಹಂಚಿಡಿ ಅಂತ ಹೇಳಿದೆ.

‘ಸ್ವಚ್ಛತೆ’ಯ ಮೇಲೆ ಹೊರಿಸಿದ ಭಾರ

2021ರ ಏಪ್ರಿಲ್ 17ರಂದು ರೈಲ್ವೆ ಒಂದು ಆದೇಶ ಹೊರಡಿಸಿತು. ನಿಲ್ದಾಣದಲ್ಲಾಗಲಿ ರೈಲಿನಲ್ಲಾಗಲಿ ಮಾಸ್ಕ್ ಇಲ್ಲದಿದ್ದರೆ 500 ರೂಪಾಯಿವರೆಗೆ ದಂಡ. ಇದಕ್ಕೆ ಯಾವ ನಿಯಮ ಬಳಸಿದರು ಗೊತ್ತೇ? ರೈಲ್ವೆ ಆವರಣದ ಸ್ವಚ್ಛತೆ ಕೆಡಿಸುವುದರ ವಿರುದ್ಧ 2012ರಲ್ಲಿ ಮಾಡಿದ ನಿಯಮ. ಅಂದರೆ ಪ್ಲಾಟ್‌ಫಾರ್ಮಿನಲ್ಲಿ ಎಲೆಅಡಿಕೆ ಉಗುಳಿದವರಿಗೆ ಹಾಕುವ ದಂಡದ ಪುಸ್ತಕದಲ್ಲೇ ಮಾಸ್ಕ್ ಇಲ್ಲದವರ ಹೆಸರನ್ನೂ ಬರೆದರು. ಎರಡನೇ ಅಲೆ ಮನೆ ಬಾಗಿಲಿಗೆ ಬಂದಿತ್ತು, ಹೊಸ ಕಾನೂನು ಮಾಡುತ್ತ ಕೂರಲು ಸಮಯ ಇರಲಿಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದರು.

ಹೀಗೆ ಮಾಡಿದರೆ ಏನಾಗಬಹುದು ಅನ್ನೋದಕ್ಕೆ ಅಮೆರಿಕದ ಉದಾಹರಣೆ ನೋಡಿ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಫೆಬ್ರವರಿಯಿಂದ ವಿಮಾನ, ರೈಲು, ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿತು. ಅದಕ್ಕೆ ಆಧಾರ 1944ರ ಒಂದು ಆರೋಗ್ಯ ಕಾಯ್ದೆ, ಅದರಲ್ಲಿದ್ದ ‘ಸ್ಯಾನಿಟೇಶನ್’ ಅನ್ನೋ ಪದ. 2022ರ ಏಪ್ರಿಲ್ 18ರಂದು ಫ್ಲೋರಿಡಾದ ನ್ಯಾಯಾಧೀಶೆಯೊಬ್ಬರು ಆ ಆದೇಶವನ್ನೇ ರದ್ದು ಮಾಡಿದರು. ಅವರ ತರ್ಕ ಸರಳ. ಸ್ಯಾನಿಟೇಶನ್ ಅಂದರೆ ಏನನ್ನಾದರೂ ತೊಳೆದು ಶುಚಿ ಮಾಡುವುದು, ಮಾಸ್ಕ್ ಏನನ್ನೂ ಶುಚಿ ಮಾಡುವುದಿಲ್ಲ, ತುಂತುರನ್ನು ತಡೆಹಿಡಿಯುತ್ತದೆ ಅಷ್ಟೆ. ತೀರ್ಪು ಬಂದ ಸಂಜೆ ಹಾರುತ್ತಿದ್ದ ವಿಮಾನಗಳಲ್ಲೇ ಘೋಷಣೆ ಆಯಿತು. ಕೆಲವರು ಚಪ್ಪಾಳೆ ತಟ್ಟಿ ಮಾಸ್ಕ್ ತೆಗೆದರು. ಎಲ್ಲರೂ ಮಾಸ್ಕ್ ಹಾಕಿರುತ್ತಾರೆ ಅನ್ನೋ ನಂಬಿಕೆ ಮೇಲೆ ವಿಮಾನ ಹತ್ತಿದ್ದ ಕಾಯಿಲೆಯವರು ಮಧ್ಯದಲ್ಲಿ ಇಳಿಯುವಂತೆಯೂ ಇರಲಿಲ್ಲ.

ಆ ತೀರ್ಪು ಸರಿಯೋ ತಪ್ಪೋ ಅನ್ನೋ ವಾದ ಬೇರೆ. ನಮಗೆ ಮುಖ್ಯ ಏನೆಂದರೆ, ಮಾಸ್ಕ್ ಅನ್ನೋ ಪದವೇ ಇಲ್ಲದ ಹಳೆಯ ಕಾಯ್ದೆಗೆ ಮಾಸ್ಕನ್ನು ನೇತುಹಾಕಿದರೆ ಒಂದು ಪದದ ಅರ್ಥದ ಮೇಲೆ ಇಡೀ ವ್ಯವಸ್ಥೆ ಬೀಳಬಹುದು.

ಜರ್ಮನಿ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಅಲ್ಲಿನ ಸೋಂಕು ತಡೆ ಕಾಯ್ದೆಯಲ್ಲೇ, 2022ರ ಅಕ್ಟೋಬರ್ 1ರಿಂದ 2023ರ ಏಪ್ರಿಲ್ 7ರವರೆಗೆ ದೂರ ಪ್ರಯಾಣದ ರೈಲುಗಳಲ್ಲಿ ಮಾಸ್ಕ್ ಅಂತ ದಿನಾಂಕ ಸಮೇತ ಬರೆದರು. ಊರೊಳಗಿನ ಬಸ್ಸು, ಟ್ರಾಮಿನ ನಿರ್ಧಾರ ರಾಜ್ಯಗಳಿಗೆ ಬಿಟ್ಟರು. ಸೋಂಕು ಇಳಿಯಿತು, ಎರಡು ತಿಂಗಳು ಮೊದಲೇ, ಫೆಬ್ರವರಿ 2ರಂದು, ತೆಗೆದೂ ಹಾಕಿದರು. ಯಾವ ವಾಹನ, ಯಾರ ಅಧಿಕಾರ, ಎಂದಿನವರೆಗೆ ಅನ್ನೋ ಮೂರಕ್ಕೂ ಉತ್ತರ ಕಾನೂನಿನಲ್ಲೇ ಸಿಗುತ್ತಿತ್ತು.

ಮಾಸ್ಕ್ ನಿಜಕ್ಕೂ ಕೆಲಸ ಮಾಡುತ್ತಾ?

ಕಾನೂನು ಬೇಕೋ ಬೇಡವೋ ಅನ್ನೋದು ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. 2023ರ ಜನವರಿಯಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಒಂದು ವರದಿ ಬಂದಾಗ ‘ಮಾಸ್ಕ್ ಉಪಯೋಗ ಇಲ್ಲ’ ಅಂತ ಎಲ್ಲ ಕಡೆ ಹಬ್ಬಿತು. ಆ ಓದು ತಪ್ಪು, ಸಿಕ್ಕ ಅಧ್ಯಯನಗಳಿಂದ ಗಟ್ಟಿಯಾಗಿ ಏನೂ ಹೇಳಲಾಗದು ಅನ್ನೋದಷ್ಟೇ ವರದಿಯ ಸಾರ ಅಂತ ಆ ಸಂಸ್ಥೆಯ ಪ್ರಧಾನ ಸಂಪಾದಕರೇ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದರು. ಅಷ್ಟೊತ್ತಿಗೆ ಮೊದಲ ಮಾತು ಊರೆಲ್ಲ ಸುತ್ತಿ ಬಂದಿತ್ತು.

ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು ಬಾಂಗ್ಲಾದೇಶದ ಅಧ್ಯಯನ. 2020ರ ನವೆಂಬರ್‌ನಿಂದ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ಜನರ ನಡುವೆ ಅದು ನಡೆಯಿತು. ಅರ್ಧ ಹಳ್ಳಿಗಳಲ್ಲಿ ಮಾಸ್ಕನ್ನು ಪುಕ್ಕಟೆ ಹಂಚಿದರು, ಸಂತೆಯಲ್ಲಿ, ಮಸೀದಿಯಲ್ಲಿ ನಿಂತು ನೆನಪಿಸಿದರು, ಊರಿನ ಹಿರಿಯರಿಂದ ಹೇಳಿಸಿದರು. ದಂಡ ಹಾಕಲಿಲ್ಲ. ಸರಿಯಾಗಿ ಮಾಸ್ಕ್ ಹಾಕುವವರು ಶೇ 13ರಿಂದ ಶೇ 42ಕ್ಕೆ ಏರಿದರು. ಲಕ್ಷಣ ಇರುವ ಸೋಂಕು ಒಟ್ಟಾರೆ ಶೇ 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ 60 ದಾಟಿದವರ ನಡುವೆ ಇಳಿಕೆ ಶೇ 35. ಬಟ್ಟೆ ಮಾಸ್ಕ್ ಹಂಚಿದ ಕಡೆ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಸೆರಗು, ಟವೆಲ್ಲು, ಕರ್ಚೀಫು ಇವೆಲ್ಲ ದಂಡದಿಂದ ಪಾರು ಮಾಡಬಹುದು, ರೋಗದಿಂದ ಪಾರು ಮಾಡುತ್ತವೆ ಅಂತ ಹೇಳಲಾಗದು. ಇನ್ನೊಂದು, ಕೈಗೆ ಮಾಸ್ಕ್ ಕೊಟ್ಟು ಹೇಳಿದರೆ ಜನ ಕೇಳುತ್ತಾರೆ.

ಬಸ್ಸಿನ ಬಗೆಯೂ ಮುಖ್ಯ. ಕಿಟಕಿ ಎಲ್ಲ ತೆರೆದು ಓಡುವ ಕೆಂಪು ಬಸ್ಸಿನಲ್ಲಿ ಗಾಳಿ ಆಡುತ್ತದೆ, ಬಾಗಿಲು ಮುಚ್ಚಿದ ಎಸಿ ಸ್ಲೀಪರ್‌ನಲ್ಲಿ ಅದೇ ಗಾಳಿಯನ್ನು ರಾತ್ರಿಯಿಡೀ ಎಲ್ಲರೂ ಹಂಚಿಕೊಳ್ಳುತ್ತಾರೆ. ಎರಡಕ್ಕೂ ಒಂದೇ ನಿಯಮ ಯಾಕೆ ಇರಬೇಕು?

ಬೇಕು ಅನ್ನುವವರು, ಬೇಡ ಅನ್ನುವವರು

ಬೇಕು ಅನ್ನುವವರ ವಾದದ ತಿರುಳು ಇಷ್ಟು. ಸಿನಿಮಾ ನೋಡದೆ ಇರಬಹುದು, ಮದುವೆಗೆ ಹೋಗದೆ ಇರಬಹುದು, ಬಸ್ಸು ಹತ್ತದೆ ಇರಲಾಗದು. ಅಥಣಿ, ರಾಮದುರ್ಗ, ಸವದತ್ತಿ ಕಡೆಯಿಂದ ಡಯಾಲಿಸಿಸ್‌ಗೆ, ಕಿಮೋಗೆ ಅಂತ ಬೆಳಗಾವಿಗೆ ಬರುವವರಿಗೆ ಬಸ್ಸು ಬಿಟ್ಟರೆ ಗತಿ ಇಲ್ಲ. ಅವರು ಮಾತ್ರ ಮಾಸ್ಕ್ ಹಾಕಿದರೆ ರಕ್ಷಣೆ ಅರ್ಧ, ಪಕ್ಕದವರೂ ಹಾಕಿದರೆ ಜಾಸ್ತಿ. ಹಾಗಾಗಿ ಸೋಂಕು ಜೋರಾಗಿರುವಾಗಲಾದರೂ ಬಸ್ಸಿನಲ್ಲಿ ನಿಯಮ ಇರಲಿ. ಈ ವಾದ ನನಗೆ ಒಪ್ಪಿಗೆ.

ಬೇಡ ಅನ್ನುವವರದ್ದೂ ಸುಮ್ನೆ ಹಟ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಬಿಸಿಲಲ್ಲಿ ತುಂಬಿದ ಬಸ್ಸಿನಲ್ಲಿ ನಿಂತು ಮಾಸ್ಕ್ ಹಾಕಿ ನೋಡಿ. ಉಬ್ಬಸ ಇರುವವರಿಗೆ ಕಷ್ಟ. ಕಿವಿ ಕೇಳದವರು ತುಟಿ ನೋಡಿ ಮಾತು ತಿಳಿಯುತ್ತಾರೆ, ಅವರಿಗೆ ಬೇರೆ ತೊಂದರೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕಡ್ಡಾಯ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ದಂಡದ ಭಾರ ಯಾರ ಮೇಲೆ ಅನ್ನೋದೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ, ಬಸ್ಸುಗಳೂ ಗಿಜಿಗುಡುತ್ತಿವೆ. ಶೂನ್ಯ ಟಿಕೆಟ್ ಹಿಡಿದು ಕೂಲಿಗೆ ಹೊರಟ ಹೆಣ್ಣುಮಗಳಿಗೆ 100 ರೂಪಾಯಿ ದಂಡ ಅಂದರೆ ಆ ದಿನದ ಮನೆಖರ್ಚಿಗೆ ಕೈ ಹಾಕಿದಂತೆ.

ನ್ಯಾಯಾಲಯಗಳೂ ಎರಡೂ ಕಡೆ ತೂಗಿವೆ. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಕಾರಿನಲ್ಲಿ ಒಬ್ಬರೇ ಇದ್ದರೂ ಅದು ಸಾರ್ವಜನಿಕ ಸ್ಥಳವೇ, ಮಾಸ್ಕ್ ಬೇಕು ಅಂದಿತು. ಅದಕ್ಕೂ ಮೊದಲು, 2020ರ ಡಿಸೆಂಬರ್‌ನಲ್ಲಿ, ಮಾಸ್ಕ್ ಹಾಕದವರನ್ನು ಕೋವಿಡ್ ಕೇಂದ್ರಗಳ ಸೇವೆಗೆ ಹಚ್ಚಿ ಅಂದ ಗುಜರಾತ್ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ ತಡೆಹಿಡಿದಿತ್ತು. 2022ರ ಮೇ 2ರ ಲಸಿಕೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲೂ ದಾರಿ ತೋರಿಸುತ್ತದೆ. ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಅಪಾಯ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಇರಬೇಕು.

ಗಡಿ ದಾಟುವ ಬಸ್ಸು

ಗಡಿಯಲ್ಲಿರುವ ಬೆಳಗಾವಿಗೆ ಇದು ಇನ್ನೊಂದು ತಲೆನೋವು. ಒಂದು ಕಡೆ ಕೊಲ್ಹಾಪುರ, ಇನ್ನೊಂದು ಕಡೆ ಚೋರ್ಲಾ ಘಾಟಿನಾಚೆ ಗೋವಾ. 2021ರಲ್ಲಿ ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿಪಿಸಿಆರ್ ವರದಿ ಇಲ್ಲದವರನ್ನು ವಾಪಸ್ ಕಳಿಸಿದ್ದು ಈ ಭಾಗದವರು ಮರೆತಿಲ್ಲ. 2022ರ ಯುಗಾದಿಗೆ ಮಹಾರಾಷ್ಟ್ರ ಮಾಸ್ಕನ್ನು ಅವರವರ ಇಷ್ಟಕ್ಕೆ ಬಿಟ್ಟಿತು. ಅದೇ ಏಪ್ರಿಲ್ ಮುಗಿಯುವಷ್ಟರಲ್ಲಿ ಕರ್ನಾಟಕ ಮತ್ತೆ ಕಡ್ಡಾಯ ಅಂದಿತು. ಕೊಲ್ಹಾಪುರದಲ್ಲಿ ಮಾಸ್ಕ್ ಇಲ್ಲದೆ ಕಾನೂನುಬದ್ಧವಾಗಿ ಹತ್ತಿದ ಪ್ರಯಾಣಿಕ ಕೊಗನೊಳ್ಳಿ ದಾಟಿದ ಕೂಡಲೇ ನಿಯಮ ಮೀರಿದವನಾಗುತ್ತಿದ್ದ. ರಾಜ್ಯದಿಂದ ರಾಜ್ಯಕ್ಕೆ ರೋಗ ಹಬ್ಬುವ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು ಅಂದೆನಲ್ಲ, ಆ ಅಧಿಕಾರ ಬಳಸಿ ಅಂತರರಾಜ್ಯ ಬಸ್ಸುಗಳಿಗಾದರೂ ಒಂದೇ ನಿಯಮ ಮಾಡಬಹುದಿತ್ತು.

ಕೊನೆಗೆ ಹೊರೆ ಬೀಳೋದು ಕಂಡಕ್ಟರ್ ಮೇಲೆ

ಆದೇಶ ಬೆಂಗಳೂರಿನಲ್ಲಿ ಹುಟ್ಟುತ್ತದೆ. ಅದನ್ನು ಜಾರಿ ಮಾಡಬೇಕಾದವರು ಬನಶಂಕರಿ ಜಾತ್ರೆಯ ಬಸ್ಸಿನಲ್ಲಿ, ಎರಡು ಸೀಟುಗಳ ನಡುವೆ ಸೊಂಟ ಆನಿಸಿ, ಒಂದು ಕೈಯಲ್ಲಿ ಟಿಕೆಟ್ ಮಷಿನ್ ಹಿಡಿದು, ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ ನಿಂತಿರುತ್ತಾರೆ. ಹಿಂದಿನ ಸಲ ದಂಡ ಹಾಕಿದ್ದು ಪೊಲೀಸರು, ಪಾಲಿಕೆಯವರು. ಬಸ್ಸಿನೊಳಗೆ ಜಗಳ ಎದುರಿಸಿದ್ದು ಕಂಡಕ್ಟರ್. ‘ಮಾಸ್ಕ್ ಹಾಕ್ರಿ’ ಅಂದರೆ ‘ನೀ ಯಾರು ಕೇಳಾಕ?’ ಅಂತ ಬೈಸಿಕೊಳ್ಳೋದು, ಕೇಳದಿದ್ದರೆ ‘ನಿಮ್ಮ ಡ್ಯೂಟಿ ಅಲ್ವಾ?’ ಅಂತ ಇನ್ನೊಬ್ಬರಿಂದ ಬೈಸಿಕೊಳ್ಳೋದು.

ದಂಡದಾಚೆಗೆ ಕೇಸು ಹಾಕುವುದೂ ಸುಲಭ ಅಲ್ಲ. ಸರ್ಕಾರಿ ಆದೇಶ ಮೀರಿದವರಿಗೆ ಮೊದಲು ಐಪಿಸಿ 188 ಇತ್ತು, 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮು ಬಂದಿದೆ. ಜನರ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ತಂದರೆ ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಸಂಬಂಧಪಟ್ಟ ಅಧಿಕಾರಿ ಲಿಖಿತ ದೂರು ಕೊಡದೆ ನ್ಯಾಯಾಲಯ ಆ ಕೇಸನ್ನು ಕೈಗೆತ್ತಿಕೊಳ್ಳುವುದಿಲ್ಲ. ಓಡುವ ಬಸ್ಸಿನಲ್ಲಿ ಮಾಸ್ಕ್ ಹಾಕದ ಒಬ್ಬರ ಮೇಲೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಮಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿಯೇ ಎರಡು ವಾರದಲ್ಲಿ ಮಾಸ್ಕ್ ಗದ್ದಕ್ಕೆ ಇಳಿಯುತ್ತದೆ.

ಈಗಲೇ ಬರೆದಿಟ್ಟರೆ

ಕರ್ನಾಟಕದ 2020ರ ಕಾಯ್ದೆಯಡಿ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ರೋಗ ಬಂದ ರಾತ್ರಿ ಕೂತು ಬರೆಯುವ ಬದಲು, ಗಲಾಟೆ ಇಲ್ಲದ ಹೊತ್ತಿನಲ್ಲಿ ಸಾರಿಗೆಗೆ ಅಂತಲೇ ಒಂದು ಪ್ರತ್ಯೇಕ ನಿಯಮದ ಕರಡು ಮಾಡಿ ಜನರ ಆಕ್ಷೇಪಣೆ ಕರೆಯಬಹುದು. ಅದರಲ್ಲಿ ಸೋಂಕು ಯಾವ ಮಟ್ಟ ಮುಟ್ಟಿದರೆ ನಿಯಮ ಶುರು ಅಂತ ಇರಲಿ. ಆರು ವಾರಕ್ಕೆ ತಾನಾಗಿಯೇ ಮುಗಿಯಲಿ, ಬೇಕಿದ್ದರೆ ಕಾರಣ ಕೊಟ್ಟು ಮುಂದುವರಿಸಲಿ. ಮೊದಲು ಎಸಿ ಬಸ್ಸು, ಸ್ಲೀಪರ್, ಆಸ್ಪತ್ರೆ ದಾರಿಯ ಬಸ್ಸುಗಳಿಗೆ ಬರಲಿ. ಚಿಕ್ಕ ಮಕ್ಕಳು, ಉಬ್ಬಸದವರು, ಕಿವಿ ಕೇಳದವರು ಇವರಿಗೆ ವಿನಾಯಿತಿ ಅಂತ ಅಚ್ಚಾಗಲಿ. ಊರು ಬದಲಾದಂತೆ ಮೊತ್ತ ಬದಲಾಗದಿರಲಿ.

ದಂಡಕ್ಕಿಂತ ಮೊದಲು ಮಾಸ್ಕ್ ಬರಲಿ. 2020ರ ಮಾರ್ಚ್‌ನಲ್ಲಿ, ಮಾಸ್ಕ್ ಸಿಗದೆ ಜನ ಪರದಾಡುವಾಗ, ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ ನಿಗದಿ ಮಾಡಿದ ಅತಿ ಹೆಚ್ಚು ಬೆಲೆ 10 ರೂಪಾಯಿ. ನಿಗಮ ಒಟ್ಟಿಗೆ ಕೊಂಡರೆ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಡಿಪೋದಲ್ಲಿ ಟಿಕೆಟ್ ಮಷಿನ್ ಕೊಡುವಾಗಲೇ ಕಂಡಕ್ಟರ್ ಚೀಲಕ್ಕೆ ಒಂದು ಕಟ್ಟು ಮಾಸ್ಕನ್ನೂ ಹಾಕಿ ಕೊಟ್ಟರೆ, ಬಾಗಿಲಲ್ಲಿ ಅವರು ‘ದಂಡ ಕಟ್ರಿ’ ಅನ್ನುವ ಬದಲು ‘ತಗೋರಿ ಅಜ್ಜಿ, ಇದನ್ನ ಹಾಕ್ಕೊಂಡು ಮುಂದ ಸರೀರಿ’ ಅನ್ನಬಹುದು.